ದ್ವೊಮೊ ಕಟ್ಟಿದ ಪುಟ

ಅಸಾಫೊ ಮಾರುಕಟ್ಟೆಯ ಹಿಂದಿನ ಗೋಡೆಯ ಮೇಲೆ ಈಗಲೂ ಸಾವಿನ ಸುದ್ದಿಯ ಒಂದು ಹಳೆಯ ಪೋಸ್ಟರಿನ ಚೂರು ಅಂಟಿಕೊಂಡಿದೆ. ಸತ್ತವರ ಮುಖ ಮಳೆ ಬಿಸಿಲಿಗೆ ಅಳಿಸಿಹೋಗಿ, ಕೆಂಪು ಅಂಚು ಮತ್ತು ಕೆಳಗಿನ ಕೆಲವು ಹೆಸರುಗಳು ಮಾತ್ರ ಉಳಿದಿವೆ. ಹೆಸರುಗಳನ್ನು ಕೂರಿಸಿರುವ ರೀತಿ ನೋಡಿದರೆ ಸಾಕು, ಅದು ದ್ವೊಮೊನ ಕೆಲಸ ಎಂದು ನನಗೆ ತಿಳಿಯುತ್ತದೆ. ಭಾನುವಾರ ಚರ್ಚಿಗೆ ಹೋಗುವಾಗ ಆ ಗೋಡೆಯ ಮುಂದೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ.

ಅವನ ಮರದ ಅಂಗಡಿಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಒಂದೇ ಹಲಗೆಯ ಗೋಡೆ ಇತ್ತು. ಅವನು ಸಾವಿನ ಪೋಸ್ಟರು ಮಾಡುತ್ತಿದ್ದ, ನಾನು ಸಾವಿನ ಬಟ್ಟೆ ಹೊಲಿಯುತ್ತಿದ್ದೆ. ಶನಿವಾರದ ಶವಸಂಸ್ಕಾರಕ್ಕೆ ಕೆಂಪು ಕಪ್ಪು, ಭಾನುವಾರದ ಕೃತಜ್ಞತಾ ಪ್ರಾರ್ಥನೆಗೆ ಬಿಳಿ ಕಪ್ಪು. ಇಬ್ಬರ ಅನ್ನವೂ ಅಲ್ಲಿಂದಲೇ ಬರುತ್ತಿದ್ದುದರಿಂದ, ಬೆಳಿಗ್ಗೆ ಬಾಗಿಲು ತೆರೆಯುವಾಗ ದೇವರಲ್ಲಿ ಏನು ಬೇಡಬೇಕೆಂದು ತಿಳಿಯುತ್ತಿರಲಿಲ್ಲ. ಇಂದು ಬರುವವರಿಗೆ ಸಮಾಧಾನ ಕೊಡು ಎಂದಷ್ಟೇ ಕೇಳಿ ಯಂತ್ರದ ಮುಂದೆ ಕೂರುತ್ತಿದ್ದೆ.

ದ್ವೊಮೊ ಉದ್ದನೆಯ, ತೆಳ್ಳನೆಯ ಮನುಷ್ಯ. ಕನ್ನಡಕದ ಒಂದು ಕಡ್ಡಿ ಮುರಿದಿತ್ತು, ಅದನ್ನು ನನ್ನ ಕಪ್ಪು ದಾರದಲ್ಲಿ ಸುತ್ತಿಕೊಂಡಿದ್ದ. ಮಾತು ಕಡಿಮೆ. ಆದರೆ ಪೋಸ್ಟರಿನಲ್ಲಿ ಹೆಸರುಗಳ ಸಾಲಿನ ವಿಷಯಕ್ಕೆ ಬಂದರೆ ಅವನಷ್ಟು ಹಟಮಾರಿ ಇನ್ನೊಬ್ಬನಿರಲಿಲ್ಲ. ಮೊದಲು ಕುಲದ ಹಿರಿಯ, ಆಮೇಲೆ ಸೋದರಮಾವಂದಿರು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿ, ಮಕ್ಕಳು, ಮೊಮ್ಮಕ್ಕಳು. ಒಬ್ಬರಿಗಿಂತ ಒಬ್ಬರು ಎಷ್ಟು ದೊಡ್ಡವರು ಎಂದು ಮನೆಗೇ ಹೋಗಿ, ಕೂತು, ಕೇಳಿಕೊಂಡು ಬರುತ್ತಿದ್ದ. ಒಮ್ಮೆ ಕಿರಿಯ ಮಾವನ ಹೆಸರು ಹಿರಿಯ ಮಾವನಿಗಿಂತ ಮೇಲಿನ ಸಾಲಿಗೆ ಹೋಗಿತ್ತೆಂದು, ಯಾರೂ ಗಮನಿಸುವ ಮೊದಲೇ ಅಂಟಿಸಿದ್ದನ್ನೆಲ್ಲ ಕಿತ್ತುಹಾಕಿ ಬೇರೆ ಮುದ್ರಿಸಿದ.

ಊರಿನವರು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗತೊಡಗಿದ ಮೇಲೆ ಗೋಡೆಯ ಪೋಸ್ಟರು ಸಾಲದಾಯಿತು. ಫೋನಿನಲ್ಲಿ ತೆರೆಯುವ ಪುಟ ಮಾಡಿಕೊಡು ಎಂದು ಜನ ಕೇಳತೊಡಗಿದರು. ದ್ವೊಮೊ ಪರದೆಯ ಮೇಲಿನ ಪಾಠಗಳನ್ನು ನೋಡಿ ತಾನೇ ಕಲಿತ. ಪಾಠದ ನಡುವೆ ಕರೆಂಟು ಹೋಗುತ್ತಿತ್ತು; ಬಂದ ಮೇಲೆ ಮತ್ತೆ ಮೊದಲಿನಿಂದ. ಹಲಗೆಯ ಆಚೆಯಿಂದ ಅದೇ ಪಾಠ ಕೇಳಿ ಕೇಳಿ ನನಗೂ ಒಂದಿಷ್ಟು ಬಾಯಿಪಾಠವಾಗಿತ್ತು.

ಒಂದು ದಿನ ಹಿಗ್ಗಿನಿಂದ ನನ್ನ ಅಂಗಡಿಗೆ ಬಂದ.

"ಸೆವಾ ಅಕ್ಕ, ಇನ್ಮೇಲೆ ಗೋಡೆ ಬೇಡ, ಅಂಟು ಬೇಡ. ಸರ್ವರ್‌ಲೆಸ್ ಅಂತ ಒಂದು ವ್ಯವಸ್ಥೆ ಸಿಕ್ಕಿದೆ."

"ಅದೇನಪ್ಪ?"

"ಪುಟ ನಡೆಸೋಕೆ ನಂದೇ ಅಂತ ಒಂದು ಯಂತ್ರ ಹಗಲೂ ರಾತ್ರಿ ಓಡಿಸಬೇಕಾಗಿಲ್ಲ. ಕೆಜೆಟಿಯಾ ಸಂತೇಲಿ ತಲೆಹೊರೆ ಹೊರೋ ಹೆಂಗಸರಿಲ್ವಾ, ಕೂಗಿದ್ರೆ ಎದ್ದು ಬರ್ತಾರೆ, ಹೊರೆ ಇಳಿಸಿ ಹೋಗಿ ನೆರಳಲ್ಲಿ ಮಲಗ್ತಾರೆ. ಇದೂ ಹಾಗೇ. ಯಾರಾದ್ರೂ ಪುಟ ತೆಗೆದ್ರೆ ಎದ್ದು ಕೆಲಸ ಮಾಡುತ್ತೆ. ಯಾರೂ ಬರದಿದ್ರೆ ಮಲಗುತ್ತೆ. ಮಲಗಿದ್ದಕ್ಕೆ ಕೂಲಿ ಇಲ್ಲ."

"ಮಲಗಿದವಳು ಏಳೋದು ತಡ ಆದ್ರೆ?"

"ಒಂದಿಷ್ಟು ಕಾಯ್ಬೇಕು. ಸಾವಿನ ಮನೆಗೆ ಬಂದವರು ಕಾಯಲ್ವಾ?"

ಪುಟ ಚೆನ್ನಾಗಿಯೇ ಇತ್ತು. ಮೇಲೆ ಸತ್ತವರ ಚಿತ್ರ, ಕೆಳಗೆ ದಿನ, ಸ್ಥಳ, ಆಮೇಲೆ ಹಿರಿಯರೆಲ್ಲರ ಚಿತ್ರ ಮತ್ತು ಹೆಸರು. ಕೊನೆಯಲ್ಲಿ ಒಂದು ಖಾಲಿ ಚೌಕ. ಬರಲಾಗದವರು ಸತ್ತವರ ಬಗ್ಗೆ ತಮ್ಮ ಮಾತನ್ನು ಅಲ್ಲಿ ಬರೆದು ಕಳಿಸಬಹುದು. ಚರ್ಚಿನಲ್ಲಿ ಪೆಟ್ಟಿಗೆಯ ಪಕ್ಕ ನಿಂತು ಮಕ್ಕಳ ಮಾತು, ಒಡಹುಟ್ಟಿದವರ ಮಾತು ಎಂದು ಓದುತ್ತಾರಲ್ಲ, ಅದರ ಜೊತೆಗೆ ಇದನ್ನೂ ಓದುತ್ತಿದ್ದರು. ಸತ್ತವರ ಮುಂದೆ ಓದುವ ಮಾತು ನಮ್ಮಲ್ಲಿ ಸಣ್ಣದಲ್ಲ. ಯಾರದು ಬಂತು, ಯಾರದು ಬರಲಿಲ್ಲ ಎಂದು ಇಡೀ ಕುಟುಂಬ ನೆನಪಿಟ್ಟುಕೊಳ್ಳುತ್ತದೆ.

ಆದರೆ ಪುಟ ನಿಧಾನ. ಎದುರಿಗೆ ಮೆಕ್ಕೆಜೋಳದ ಕೆಂಕೆ ಕಡುಬು ಮಾರುವ ಅಫ್ರಾಕೊಮಾ ಅವನನ್ನು ಸುಮ್ಮನೆ ಬಿಡುತ್ತಿರಲಿಲ್ಲ.

"ದ್ವೊಮೊ, ನಿನ್ನ ಪುಟ ತೆಗೆಯೋಕಿಟ್ಟು ಫುಫು ಮುದ್ದೆ ಕುಟ್ಟಿ, ಸಾರು ಇಳಿಸಿ, ತಟ್ಟೆ ತೊಳೆದು ಬಂದೆ. ಇನ್ನೂ ಚಕ್ರ ತಿರುಗ್ತಾ ಇದೆ."

"ಹಿರಿಯರು ಬರ್ತಾ ಇದ್ದಾರೆ ತಾಯಿ, ಸ್ವಲ್ಪ ತಾಳು."

"ಬರೋಷ್ಟರಲ್ಲಿ ಸತ್ತೋರು ಎದ್ದು ಹೋಗ್ತಾರೆ ನೋಡ್ತಿರು."

ಅವನು ಹೇಳಿದ್ದು ತಮಾಷೆಯಲ್ಲ. ಪುಟ ನಿಜವಾಗಿ ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಿತ್ತು. ಮೊದಲು ಕುಲದ ಹಿರಿಯನ ವಿವರ ತರಿಸಿಕೊಂಡು, ಅದು ಬಂದ ಮೇಲೆ ದೊಡ್ಡ ಮಾವನದು, ಅದು ಬಂದ ಮೇಲೆ ಎರಡನೆಯವರದು. ಆ ವಿವರಗಳನ್ನು ಇಟ್ಟ ಉಗ್ರಾಣ ಸಮುದ್ರದಾಚೆ ಎಲ್ಲೋ ಇತ್ತು. ಒಬ್ಬೊಬ್ಬ ಹಿರಿಯರಿಗೂ ಒಂದು ಸಲ ಸಮುದ್ರ ದಾಟಿ ಹೋಗಿ ಬರಬೇಕು. ಒಟ್ಟಿಗೆ ಕರೆಯಬಾರದೇ ಎಂದು ನಾನು ಕೇಳಿದಾಗ, "ಕಿರಿಯರು ಮೊದಲು ಬಂದು ನಿಂತುಬಿಟ್ರೆ ಯಾರಿಗೆ ಉತ್ತರ ಹೇಳ್ಲಿ ಅಕ್ಕ?" ಎಂದಿದ್ದ. ಸಭೆಯಲ್ಲಿ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಕೈಕುಲುಕುತ್ತ ಹೋಗುವುದನ್ನು ತೊಟ್ಟಿಲಿನಿಂದ ಕಲಿತವನು ಅವನು. ಪುಟವನ್ನು ಬರೆದದ್ದೂ ಅದೇ ಕೈ.

ಸಣ್ಣ ಕುಟುಂಬಗಳಾದರೆ ಹೇಗೋ ನಡೆಯುತ್ತಿತ್ತು. ಎನೊ ಬಿರಾಗೊ ತೀರಿಕೊಂಡಾಗ ನಡೆಯಲಿಲ್ಲ.

ಎನೊ ಬಿರಾಗೊ ಬಸ್ ನಿಲ್ದಾಣದ ಬಳಿ ಸಾರು ಮತ್ತು ಫುಫು ಮಾರುತ್ತಿದ್ದ ಮುದುಕಿ. ದ್ವೊಮೊ ಮುದ್ರಣದ ಕೆಲಸ ಕಲಿಯುತ್ತಿದ್ದ ಕಾಲದಲ್ಲಿ, ಮಧ್ಯಾಹ್ನ ಅವನು ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದರೆ, "ಕೂತ್ಕೋ, ಬಟ್ಟಲು ತೊಳೆಯೋರು ಬೇಕು" ಎಂದು ಕರೆದು, ತೊಳೆಸದೆಯೇ ಉಣ್ಣಿಸಿ ಕಳಿಸುತ್ತಿದ್ದಳು. ಅವಳ ಪುಟವನ್ನು ಅವನು ಹೊಸ ಬಟ್ಟೆ ಹಾಕಿಕೊಂಡು ಕೂತು ಮಾಡಿದ. ಅವಳದು ದೊಡ್ಡ ಕುಲ. ಹಿರಿಯರ ಸಾಲು ಮುಗಿಯುವಂತೆಯೇ ಇರಲಿಲ್ಲ.

ಅವಳಿಗೆ ಒಬ್ಬ ತಮ್ಮನಿದ್ದ, ಟಾಚಿ. ಕುಟುಂಬದ ಮಕ್ಕಳಿಗೆಲ್ಲ ಸೋದರಮಾವನಾದ್ದರಿಂದ ನಾವೂ ಅವನನ್ನು ವೋಫಾ ಟಾಚಿ ಎಂದೇ ಕರೆಯುತ್ತಿದ್ದೆವು. ಉತ್ತರದಿಂದ ಗೆಣಸಿನ ಲಾರಿ ಓಡಿಸುತ್ತಿದ್ದ. ಹಲವು ವರ್ಷದ ಹಿಂದೆ ಅಕ್ಕ ನಾಲ್ಕು ಜನರ ಮುಂದೆ, "ಇವನು ನನ್ನ ನೋಡೋಕೆ ಬರಲ್ಲ, ಸಾರಿಗೆ ಬರ್ತಾನೆ" ಎಂದುಬಿಟ್ಟಿದ್ದಳು. ಅವಳು ನಗುತ್ತಲೇ ಹೇಳಿದ್ದು. ಅವನು ಬಟ್ಟಲು ಕೆಳಗಿಟ್ಟು ಎದ್ದು ಹೋದ. ಆಮೇಲೆ ಅವನ ಲಾರಿ ಆ ದಾರಿಯಲ್ಲಿ ನಿಲ್ಲಲಿಲ್ಲ.

ಅಂತ್ಯಕ್ರಿಯೆಗೆ ಹೊರಟವನ ಲಾರಿ ಉತ್ತರದ ಬುಯಿಪೆಯ ಆಚೆ ಅಚ್ಚು ಮುರಿದು ನಿಂತಿತು. ರಸ್ತೆಬದಿಯಲ್ಲಿ ಕೂತು, ಅಕ್ಕನಿಗೆ ಹೇಳಬೇಕಾದುದನ್ನು ದ್ವೊಮೊನ ಪುಟದ ಚೌಕದಲ್ಲಿ ಬರೆದು ಕಳಿಸಿದ. ಚಕ್ರ ತಿರುಗಿತು, ತಿರುಗಿತು, ನಿಂತಿತು. ಹೋಯಿತೆಂದುಕೊಂಡ. ಹೋಗಿರಲಿಲ್ಲ. ಕೂಗಿದಾಗ ಏಳುವ ಆ ವ್ಯವಸ್ಥೆಗೆ ಒಂದು ಕಟ್ಟಳೆ ಇತ್ತು: ಒಂದು ಕೆಲಸಕ್ಕೆ ಇಷ್ಟೇ ಹೊತ್ತು, ಮೀರಿದರೆ ಅರ್ಧದಲ್ಲೇ ನಿಲ್ಲಿಸಿಬಿಡುತ್ತದೆ. ಬರೆದವನು ಕುಲಕ್ಕೆ ಏನಾಗಬೇಕು ಎಂದು ತಿಳಿಯಲು ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುವಷ್ಟರಲ್ಲಿ ಹೊತ್ತು ಮುಗಿದು, ಮಾತು ದಾಖಲಾಗುವ ಮೊದಲೇ ಎಲ್ಲ ಅಳಿಸಿಹೋಗಿತ್ತು.

ಚರ್ಚಿನಲ್ಲಿ ಒಡಹುಟ್ಟಿದವರ ಮಾತು ಓದುವಾಗ ನಾನು ಮೂರನೆಯ ಬೆಂಚಿನಲ್ಲಿದ್ದೆ. ಓದಿ ಮುಗಿಯಿತು. ಟಾಚಿಯ ಹೆಸರು ಬರಲಿಲ್ಲ. ಮುಂದಿನ ಸಾಲಿನಲ್ಲಿ ಕೆಂಪು ಬಟ್ಟೆಯ ತಲೆಗಳು ಒಂದರ ಕಡೆಗೊಂದು ತಿರುಗಿದವು. ಎಲ್ಲರೂ ಗೌರವದಿಂದ ನಾನಾ ಎಂದು ಕರೆಯುವ ಕುಲದ ಹಿರಿಯ ಫ್ರೆಂಪಾಂಗ್ ಕೈಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು, ಅಷ್ಟೇ. ಸಂಜೆಯ ಹೊತ್ತಿಗೆ ಮಾತು ಊರೆಲ್ಲ ಹಬ್ಬಿತ್ತು: ಟಾಚಿ ಹೆಣದ ಮೇಲೂ ಸಿಟ್ಟು ಬಿಟ್ಟಿಲ್ಲ. ವರ್ಷದ ಸ್ಮರಣೆಯ ಪೋಸ್ಟರಿನಲ್ಲಿ ಒಡಹುಟ್ಟಿದವರ ಸಾಲಿನಿಂದ ಅವನ ಹೆಸರು ತೆಗೆಯಬೇಕೆಂದು ಹಿರಿಯರು ತೀರ್ಮಾನಿಸಿದರು.

ಕೆಲವು ವಾರಗಳಾದ ಮೇಲೆ ವೋಫಾ ಟಾಚಿ ದ್ವೊಮೊನ ಅಂಗಡಿಗೆ ಬಂದ. ಗುಂಡುಕಲ್ಲಿನಂಥ ಮನುಷ್ಯ ಸೊರಗಿ ಹೋಗಿದ್ದ. ಬೆಂಚಿನ ಮೇಲೆ ಕೂತು ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡ. ಕಳಿಸಿದ ಮಾತು ತಲುಪಿಲ್ಲವೆಂದು ಫೋನಿನಲ್ಲಿ ಮೊದಲೇ ತಿಳಿದಿದ್ದ ದ್ವೊಮೊ ಗಾಬರಿಯಲ್ಲಿ ಒಂದೇ ಸಮ ಕೇಳತೊಡಗಿದ.

"ಯಾವ ದಿನ ಕಳಿಸಿದ್ದು ವೋಫಾ? ಯಾವ ಫೋನು? ಅಲ್ಲಿ ನೆಟ್‌ವರ್ಕ್ ಇತ್ತಾ? ಕೊನೇಲಿ ಪರದೆ ಮೇಲೆ ಏನು ಬಂತು? ಚಿತ್ರ ಹಾಕಿದ್ರಾ?"

ಟಾಚಿ ಕೈ ಎತ್ತಿ ತಡೆದ.

"ಯಪ್ಪಾ, ಬಂದವನಿಗೆ ಕೂರೋಕೆ ಜಾಗ ಕೊಟ್ಟು, ನೀರು ಕೊಟ್ಟು, ಆಮೇಲೆ ಏನು ಸಮಾಚಾರ ಅಂತ ಕೇಳ್ತಾರೆ. ನಿಮ್ಮಮ್ಮ ಕಲಿಸಲಿಲ್ವಾ? ನಿನ್ನ ಪುಟಾನೂ ಇದನ್ನೇ ಮಾಡ್ತು. ಯಾರು, ಯಾವ ಮನೆ, ಯಾರ ಮಗ, ಯಾರಿಗೆ ಏನಾಗ್ಬೇಕು... ನಾನು ತಂದ ಗಂಟನ್ನ ಕೈಯಲ್ಲೇ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ."

ದ್ವೊಮೊ ಎದ್ದು ಹೋಗಿ ಲೋಟದಲ್ಲಿ ನೀರು ತಂದು ಎರಡೂ ಕೈಯಲ್ಲಿ ಕೊಟ್ಟ. ಟಾಚಿ ಕುಡಿದು, ಕೊನೆಯ ಗುಟುಕನ್ನು ತೀರಿಕೊಂಡವರ ಪಾಲೆಂದು ನೆಲಕ್ಕೆ ಚೆಲ್ಲಿ, "ಈಗ ಕೇಳು" ಎಂದ.

"ಅದೇ ಮಾತು ಇನ್ನೊಂದ್ಸಲ ಬರೆದು ಕೊಡಿ ವೋಫಾ. ನಾನೇ ನಾನಾ ಹತ್ರ ತಗೊಂಡು ಹೋಗ್ತೀನಿ."

"ಆಗಲ್ಲಪ್ಪ. ಅದು ಆ ರಸ್ತೆ ಪಕ್ಕ ಕೂತಾಗ ಬಂದ ಮಾತು. ಮತ್ತೆ ಕರೆದ್ರೆ ಬರಲ್ಲ."

ಟಾಚಿ ಹೋದ ಮೇಲೆ ನಾನು ಹಲಗೆಯ ಈಚೆ ಯಂತ್ರ ತುಳಿಯುವುದನ್ನು ನಿಲ್ಲಿಸಿದೆ. ದ್ವೊಮೊನ ಮನಸ್ಸಿಗೆ ದಾರಿ ತೋರಿಸಪ್ಪ ಎಂದು ದೇವರಿಗೆ ಒಳಗೇ ಹೇಳಿಕೊಂಡೆ. ಸಂಜೆ ಅವನು ಬಾಗಿಲು ಹಾಕುವಾಗ, "ಮೊದ್ಲು ನೀರು ಕೊಡ್ಬೇಕು ಅಕ್ಕ" ಎಂದ, ಯಾರಿಗೋ ಹೇಳುವ ಹಾಗೆ.

ಮಾರನೆಯ ದಿನದಿಂದ ಅವನು ಪುಟವನ್ನು ಬಿಚ್ಚಿ ಹರಡಿಕೊಂಡ. ಯಾರಾದರೂ ಬರೆದು ಕಳಿಸಿದರೆ ಮೊದಲು ಮಾತನ್ನು ಕೈಗೆ ತೆಗೆದುಕೊಂಡು ಜೋಪಾನವಾಗಿಡುವುದು, ಬಂತು ಎಂದು ಹೇಳುವುದು, ನೀವು ಯಾರು ಎಂದು ಆಮೇಲೆ ನಿಧಾನವಾಗಿ ವಿಚಾರಿಸುವುದು. ಅಷ್ಟು ಮಾಡಿದ. ಆದರೂ ಪುಟ ತೆರೆಯುವುದು ತಡವೇ. ಕೂಗಿದಾಗ ಎದ್ದು ಬರುವವಳ ತಲೆಯ ಮೇಲೆ ಬೇಡದ ಸಾಮಾನೆಲ್ಲ ಹೊರಿಸಿದ್ದೆ ಎಂದು ಒಂದಿಷ್ಟು ಇಳಿಸಿದ. ಹಿರಿಯರ ಚಿತ್ರಗಳನ್ನು ಚಿಕ್ಕದಾಗಿಸುವಾಗ ಮಾತ್ರ ಅವನಿಗೆ ಸಂಕಟವಾಯಿತು.

"ನಾನಾ ಫ್ರೆಂಪಾಂಗ್ ಮುಖ ಇಷ್ಟು ಸಣ್ಣದು ಮಾಡಿದ್ರೆ ಬೈಯಲ್ವಾ?"

"ಅವರ ಮುಖ ಒಂದೇ ನನ್ನ ಫೋನಿನ ವಾರದ ಡೇಟಾ ತಿಂದುಬಿಡುತ್ತೆ ಮಾರಾಯ" ಎಂದಳು ಬಾಗಿಲಲ್ಲಿ ನಿಂತಿದ್ದ ಅಫ್ರಾಕೊಮಾ. "ಮದ್ವೆ ಗಂಡಾ ಅವ್ರು? ಸಣ್ಣದು ಮಾಡು."

ಮತ್ತೊಂದು ದಿನ ಗೋಡೆಯ ಮೇಲಿನ ಹಳೆಯ ಪೋಸ್ಟರುಗಳನ್ನು ನೋಡುತ್ತ ನಿಂತಿದ್ದ. "ಗೋಡೆ ಯಾರನ್ನೂ ಕಾಯಿಸ್ಲಿಲ್ಲ ಅಲ್ವಾ ಅಕ್ಕ. ದಾರೀಲಿ ಹೋಗೋನು ತಲೆ ಎತ್ತಿದ್ರೆ ಸಾಕು, ಓದಬಹುದಿತ್ತು. ಸತ್ತ ದಿನ ಬದಲಾಗಲ್ಲ, ಹೂಳೋ ಜಾಗ ಬದಲಾಗಲ್ಲ. ಬಂದವರಿಗೆಲ್ಲ ಹೊಸದಾಗಿ ಯಾಕೆ ಬರೀತಾ ಕೂತಿದೀನಿ ನಾನು?" ಅಂದಿನಿಂದ ಬದಲಾಗದ ಭಾಗವನ್ನು ಒಮ್ಮೆಗೇ ಸಿದ್ಧಮಾಡಿ ಬಾಗಿಲಲ್ಲೇ ಅಂಟಿಸಿಟ್ಟ. ಅದಕ್ಕೆ ಮಲಗಿದವರನ್ನು ಎಬ್ಬಿಸಬೇಕಾಗಿರಲಿಲ್ಲ. ವಿವರಗಳ ಉಗ್ರಾಣವನ್ನೂ ಪುಟದ ಕೆಲಸ ನಡೆಯುವ ಕಡೆಗೇ ತಂದುಕೊಂಡ, ಪ್ರತಿ ಸಲ ಸಮುದ್ರ ದಾಟುವುದು ತಪ್ಪಿತು.

ಉಳಿದದ್ದು ಹಿರಿಯರ ಸಾಲು. ಅದನ್ನು ಮುಟ್ಟಲು ಅವನ ಕೈ ಬರಲಿಲ್ಲ.

ಬಾಂಟಮಾದಲ್ಲಿ ಒಬ್ಬರು ತೀರಿಕೊಂಡ ಎಂಟನೆಯ ದಿನದ ಸಭೆಗೆ ನಾವಿಬ್ಬರೂ ಹೋಗಿದ್ದೆವು, ಅವನು ಪೋಸ್ಟರಿನ ಮಾತಿಗೆ, ನಾನು ಬಟ್ಟೆಯ ಅಳತೆಗೆ. ಹಿರಿಯರೆಲ್ಲ ಒಂದೇ ಬಾಡಿಗೆ ಬಸ್ಸಿನಲ್ಲಿ ಬಂದರು. ಬಾಗಿಲ ಬಳಿ ಕೂತಿದ್ದ ಕಿರಿಯ ಮಾವ ಮೊದಲು ಇಳಿದ, ಮಂಡಿನೋವಿನ ಹಿರಿಯ ಕೊನೆಗೆ ಇಳಿದರು. ಯಾರೂ ಏನೂ ಅನ್ನಲಿಲ್ಲ. ಎಲ್ಲರೂ ಚಪ್ಪರದ ಹೊರಗೆ ನಿಂತರು. ಆಮೇಲೆ ಹಿರಿಯರ ಪರವಾಗಿ ಮಾತಾಡುವವನು ಬಂದು ಒಬ್ಬೊಬ್ಬರನ್ನು ಅವರವರ ಕುರ್ಚಿಗೆ ಕರೆದೊಯ್ದು ಕೂರಿಸಿದ. ದ್ವೊಮೊ ನನ್ನ ಮೊಣಕೈ ತಟ್ಟಿದ.

"ನೋಡಿದ್ಯಾ? ಬರೋದು ಒಟ್ಟಿಗೆ. ಕೂರೋದು ಸಾಲಾಗಿ."

"ಹುಟ್ಟಿದಾಗಿನಿಂದ ನೋಡ್ತಾ ಇದೀನಿ" ಎಂದೆ.

"ನಾನೂ ನೋಡಿದೀನಿ ಅಕ್ಕ" ಎಂದು ಅವನು ನಗತೊಡಗಿದ. ಸಾವಿನ ಮನೆಯಲ್ಲಿ ಹೀಗೆ ನಗುತ್ತಾನಲ್ಲ ಎಂದು ಸುತ್ತಲಿನವರು ತಿರುಗಿ ನೋಡಿದರು. ನಾನು ಅವನ ಕೈಗೆ ಅಳತೆಪಟ್ಟಿ ಕೊಟ್ಟು ಹೊರಗೆ ಕಳಿಸಿದೆ. ಆ ರಾತ್ರಿಯೇ ಅವನು, ಹಿರಿಯರನ್ನೆಲ್ಲ ಒಟ್ಟಿಗೆ ಕರೆದು ಬಂದ ಮೇಲೆ ಸಾಲಾಗಿ ಕೂರಿಸುವಂತೆ ಪುಟವನ್ನು ಬದಲಿಸಿದ.

ವರ್ಷದ ಸ್ಮರಣೆಯ ಪೋಸ್ಟರಿಗೆ ಹೆಸರು ಗೊತ್ತುಮಾಡಲು ಎನೊ ಬಿರಾಗೊಳ ಕುಟುಂಬದವರು ಮನೆಯ ಅಂಗಳದಲ್ಲಿ ಸೇರಿದ್ದರು. ಬಿಳಿ ಕಪ್ಪು ಬಟ್ಟೆಗೆ ಅಳತೆ ಬೇಕಿದ್ದುದರಿಂದ ನಾನೂ ಇದ್ದೆ. ದ್ವೊಮೊ ಚಪ್ಪಲಿ ಬಿಟ್ಟು, ಹೆಗಲ ಬಟ್ಟೆ ಇಳಿಸಿ, ನಾನಾ ಫ್ರೆಂಪಾಂಗರ ಮುಂದೆ ನಿಂತ.

"ನಾನಾ, ಟಾಚಿ ಮಾತು ಕಳಿಸಿದ್ರು. ನನ್ನ ಪುಟ ಕಳೀತು. ತಪ್ಪು ನಂದು."

"ಪುಟ ತಿಂದುಬಿಡ್ತಾ? ಅದಕ್ಕೂ ಬಿರಾಗೊ ಸಾರಿನ ರುಚಿ ಹತ್ತಿತ್ತೇನೋ" ಎಂದರು ನಾನಾ. ಅಂಗಳದಲ್ಲಿ ನಗು ಎದ್ದಿತು. ಅವರು ನಗಲಿಲ್ಲ. "ಒಬ್ಬನ ಮಾನ ಉಳಿಸೋಕೆ ಇನ್ನೊಬ್ಬ ತಪ್ಪು ಹೊತ್ಕೊಳ್ಳೋದು ನಾನು ಬೇಕಾದಷ್ಟು ನೋಡಿದೀನಿ. ಟಾಚಿ ಎಲ್ಲಿ?"

"ಬುಯಿಪೆ ಲಾರಿ ನಿಲ್ದಾಣದಲ್ಲಿದ್ದಾರೆ. ಗೆಣಸು ಏರಿಸ್ತಿದ್ದಾರೆ."

"ಒಳ್ಳೇದಾಯ್ತು. ಅಲ್ಲಿಂದಲೇ ಕಳಿಸ್ಲಿ. ಹೋದ್ಸಲ ನಿಂತ ಕಡೆ ನಿಂತು. ನಾವು ಇಲ್ಲೇ ಕೂತಿರ್ತೀವಿ. ಬಂದ್ರೆ ನಿನ್ನ ಮಾತು ನಿಜ. ಬರದಿದ್ರೆ ಹೆಸರು ಇಲ್ಲ, ಇನ್ನು ಆ ವಿಷಯ ಎತ್ತೋ ಹಾಗಿಲ್ಲ."

ದ್ವೊಮೊ ಫೋನಿನಲ್ಲಿ ಟಾಚಿಗೆ ಹೇಳಿದ. ಆ ಕಡೆಯಿಂದ ಲಾರಿಗಳ ಸದ್ದು, "ನಾನು ಬರೆಯಲ್ಲ ಅಂತ ಹೇಳಿದ್ನಲ್ಲಪ್ಪ" ಎಂಬ ಗೊಗ್ಗರು ಧ್ವನಿ. ದ್ವೊಮೊ ಅಷ್ಟೇ ಮೆಲ್ಲಗೆ, "ಆ ಮಾತು ಬೇಡ ವೋಫಾ. ಈಗ ಏನು ಬರುತ್ತೋ ಅದು" ಎಂದ. ಫೋನು ಕಡಿಯಿತು.

ನಾನಾ ಫ್ರೆಂಪಾಂಗ್ ತಮ್ಮದೇ ಫೋನನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡರು. "ನನ್ನ ಫೋನಲ್ಲೇ ನೋಡ್ತೀನಿ. ನಿಂದರಲ್ಲಿ ಏನು ಜಾದೂ ಇದೆಯೋ." ಪುಟದ ಮೇಲೆ ಬೆರಳಿಟ್ಟು, ಅಭ್ಯಾಸದಂತೆ ಕಾಯಲು ಹಿಂದಕ್ಕೆ ಒರಗಿದರು. ಒರಗುವಷ್ಟರಲ್ಲಿ ಪರದೆಯ ಮೇಲೆ ಬಿರಾಗೊ ಬಂದುಬಿಟ್ಟಿದ್ದಳು. ಅವರು ಥಟ್ಟನೆ ನೆಟ್ಟಗೆ ಕೂತರು. ಕೆಳಗೆ ಹಿರಿಯರೆಲ್ಲ ಸಾಲಾಗಿ, ಅವರವರ ಜಾಗದಲ್ಲಿ ಕೂತಿದ್ದರು. ತಮ್ಮ ಮುಖವನ್ನು ಮೊದಲ ಸ್ಥಾನದಲ್ಲಿ ನೋಡಿಕೊಂಡು, "ಸಣ್ಣದಾಗಿದೀನಿ" ಎಂದರಷ್ಟೇ.

ಒಳಗೆಲ್ಲೋ ಒನಕೆಯ ಸದ್ದು ಕೇಳುತ್ತಿತ್ತು. ದ್ವೊಮೊ ಕನ್ನಡಕ ತೆಗೆದು, ದಾರ ಸುತ್ತಿದ ಕಡ್ಡಿಯನ್ನು ತಿರುವುತ್ತ ನಿಂತಿದ್ದ. ಅವನ ಕೆಲಸ ಅವನು ಮಾಡಿದ್ದ. ಟಾಚಿ ಬರೆಯದಿದ್ದರೆ ಯಾವ ಪುಟವೂ ತರಲಾರದು. ನಾನು ಕಣ್ಣು ಮುಚ್ಚಿಕೊಂಡೆ.

ನಾನಾ ಗಂಟಲು ಸರಿಮಾಡಿಕೊಂಡ ಸದ್ದಿಗೆ ಕಣ್ಣು ತೆರೆದೆ. ಅವರು ಫೋನನ್ನು ದೂರ ಹಿಡಿದು ಓದತೊಡಗಿದ್ದರು.

"ಅಕ್ಕಾ, ನೀನು ಹೇಳಿದ್ದು ನಿಜ. ನಾನು ಸಾರಿಗೇ ಬರ್ತಿದ್ದೆ. ನೀನು ಹೊಟ್ಟೆ ತುಂಬ ಬಡಿಸ್ತಿದ್ದೆ. ಈಗ ಆ ದಾರೀಲಿ ಲಾರಿ ತಾನಾಗೇ ನಿಧಾನ ಆಗುತ್ತೆ. ನಾನೆಲ್ಲಿ ಉಣ್ಣಲಿ?"

ಓದಿ ಮುಗಿದ ಮೇಲೆ ಅವರು ಇನ್ನೊಮ್ಮೆ ಓದಿದರು, ಈ ಸಲ ಬಾಯಿಬಿಡದೆ. ಬಿರಾಗೊಳ ತಂಗಿಯೊಬ್ಬಳು ಹೆಗಲ ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಒಳಗಿನ ಒನಕೆ ನಿಂತಿತ್ತು.

"ಒಡಹುಟ್ಟಿದವರ ಸಾಲಲ್ಲಿ ಬರಿ" ಎಂದರು ನಾನಾ. "ವಯಸ್ಸಿನ ಪ್ರಕಾರ. ಅವನಿಗಿಂತ ಸಣ್ಣೋರನ್ನ ಮೇಲೆ ಹಾಕೀಯ ಮತ್ತೆ."

"ಇಲ್ಲ ನಾನಾ" ಎಂದ ದ್ವೊಮೊ. ಅವನು ಕನ್ನಡಕ ಮತ್ತೆ ಹಾಕಿಕೊಂಡ.

"ಲಾರಿ ಇಳಿದು ಬರೋಕೆ ಹೇಳು ಅವನಿಗೆ. ಸಾರು ಈ ಮನೇಲೂ ಮಾಡ್ತಾರೆ."

ರಸ್ತೆ ಅಗಲ ಮಾಡುವಾಗ ನಮ್ಮ ಅಂಗಡಿಗಳೆರಡೂ ಹೋದವು. ನಾನು ಮನೆಯ ಜಗಲಿಯಲ್ಲಿ ಯಂತ್ರ ಹಾಕಿಕೊಂಡೆ. ದ್ವೊಮೊ ತನ್ನ ಹೆಂಡತಿಯ ಊರು ಟೆಚಿಮಾನಿಗೆ ಹೋದ. ಅಲ್ಲೂ ಪುಟಗಳನ್ನೇ ಮಾಡುತ್ತಾನೆ. ಯಾವಾಗಲಾದರೂ ಫೋನು ಮಾಡಿದಾಗ, ಹಲಗೆಯ ಗೋಡೆ ಬಡಿದಂತೆ ಮೇಜಿನ ಮೇಲೆ ಎರಡು ಸಲ ಬಡಿದು, "ಅಕ್ಕ, ಇದ್ದೀಯಾ?" ಎನ್ನುತ್ತಾನೆ. ವೋಫಾ ಟಾಚಿಯ ಲಾರಿ ಈಗಲೂ ಕೆಲವೊಮ್ಮೆ ಬಿರಾಗೊಳ ಮನೆಯ ಮುಂದೆ ನಿಂತಿರುತ್ತದೆ, ಗೆಣಸು ಇಳಿಸಲು ಅಲ್ಲ.

ಭಾನುವಾರ ಪ್ರಾರ್ಥನೆ ಮುಗಿಸಿ ಬಂದು, ತೀರಿಕೊಂಡವರನ್ನು ನೆನೆಯುವ ಹೊತ್ತಿಗೆ ನಾನು ಎನೊ ಬಿರಾಗೊಳ ಪುಟ ತೆರೆಯುತ್ತೇನೆ. ಮೊದಲೆಲ್ಲ ಫೋನು ಪಕ್ಕಕ್ಕಿಟ್ಟು ನೀರು ಕುಡಿದು ಬರುತ್ತಿದ್ದೆ. ಈಗ ಅಷ್ಟು ಹೊತ್ತು ಸಿಗುವುದಿಲ್ಲ. ನಾನು ಕನ್ನಡಕ ಹುಡುಕುವುದರೊಳಗೆ ಅವಳು ಬಂದು ಕೂತಿರುತ್ತಾಳೆ, ಕೆಳಗೆ ಅವಳ ತಮ್ಮ, ತನ್ನ ಜಾಗದಲ್ಲಿ.